ಪಕ್ಕದ ಫ್ಲ್ಯಾಟಿನವಳ ಸಾವುಗಳು

ಇಂಗ್ಲೆಂಡಿನ ಸಾಲ್ಫರ್ಡ್‌ನಲ್ಲಿ ನಮ್ಮ ಪಕ್ಕದ ಫ್ಲ್ಯಾಟಿನಲ್ಲಿದ್ದ ಜಪಾನಿ ನಟಿ ಹೊಟ್ಟೆ ಹೊರೆಯುತ್ತಿದ್ದುದೇ ಸತ್ತು. ತನ್ನೂರಿನ ರಂಗದ ಮೇಲೆ ರಾಣಿಯಾಗಿ ಮೆರೆದವಳನ್ನು ಇಲ್ಲಿನ ಟಿವಿಯವರು ಧಾರಾವಾಹಿಗೊಂದು ಸಲ ಕೊಲ್ಲುತ್ತಿದ್ದರು. ಲಿಫ್ಟಿನಲ್ಲಿ ಸಿಕ್ಕರೆ ಕತ್ತು ವಾಲಿಸಿ, ನಾಲಿಗೆ ಚಾಚಿ, "ಚೆನ್ನಾಗಿ ಸತ್ತೆನಾ?" ಎಂದು ಕೇಳುವಳು.

ಮೈಸೂರಿನಿಂದ ಬಂದಿದ್ದ ಅಮ್ಮನಿಗೆ ಅವಳೆಂದರೆ ಅಕ್ಕರೆ. ಒಂದು ಸಂಜೆ ಟಿವಿಯಲ್ಲಿ ಅವಳು ಸತ್ತದ್ದೇ ತಡ, ಅಮ್ಮ ಎದ್ದು ಹೋಗಿ ತಲೆಗೆ ಸ್ನಾನ ಮಾಡಿ ಬಂದಳು.

"ಅದು ನಾಟಕ ಅಮ್ಮಾ!" ಎಂದೆ.

"ಗೊತ್ತು ಕಣೇ. ಗುರುತಿನವಳು ಕಣ್ಣೆದುರೇ ಹೋದ್ಮೇಲೆ ಹಾಗೇ ಕೂತಿರಕ್ಕಾಗತ್ತಾ?"

ವಿಷಯ ತಿಳಿದು ನಟಿ ಬಿದ್ದು ಬಿದ್ದು ನಕ್ಕಳು. ಆಮೇಲೆ, "ಯಾವ ವಿಮರ್ಶಕನೂ ನನಗೋಸ್ಕರ ಇಷ್ಟು ಮಾಡಿಲ್ಲ" ಅಂದಳು.

ಮುಂದಿನ ವಾರ ಅವಳೇ ಬಂದು ನಮ್ಮ ಬಾಗಿಲು ತಟ್ಟಿದಳು.

"ಇವತ್ತು ಸಂಜೆ ಮತ್ತೆ ಸಾಯ್ತೀನಿ. ಅಮ್ಮನಿಗೆ ನೀರು ಕಾಯಿಸಿಡು."