ಎದೆಯ ಮೇಲೊಬ್ಬ ಮೇಜರ್

ಎದೆ ಸೀಳಿದರೆ ನನ್ನೊಳಗೆ ಏನು ಕಾಣುತ್ತದೋ ಗೊತ್ತಿಲ್ಲ. ಸೀಳದೆಯೇ ಏನೇನು ಕಾಣುತ್ತದೆ ಅನ್ನುವುದನ್ನು ಮಾತ್ರ ಎರಡು ತಿಂಗಳ ಹಿಂದೆ ನಲವತ್ತು ಮಂದಿ ನೆಂಟರು, ಒಬ್ಬರು ಅಯ್ಯನವರು ಮತ್ತು ಒಬ್ಬ ವಿಡಿಯೋಗ್ರಾಫರ್ ನೋಡಿದರು.

ಆದದ್ದಿಷ್ಟು. ನನ್ನ ಮಗಳು ಸಹನಾ ಫಿಸಿಯೋಥೆರಪಿ ಓದುತ್ತಿದ್ದಾಳೆ. ಅನಾಟಮಿಯಲ್ಲಿ ಥಿಯರಿ ಪಾಸು, ಪ್ರಾಕ್ಟಿಕಲ್ ಫೇಲು. ಉತ್ತರ ಗೊತ್ತಿರಲಿಲ್ಲ ಅಂತಲ್ಲ. ಪರೀಕ್ಷಕರು ಎದುರಿಗೆ ಒಬ್ಬ ಮನುಷ್ಯನನ್ನು ಕೂರಿಸಿ, ‘ಇವರ ಭುಜದ ಸ್ನಾಯು ಮುಟ್ಟಿ ತೋರ್ಸಮ್ಮ’ ಅಂದಾಗ ಹುಡುಗಿಯ ಬಾಯಿ ಕಟ್ಟಿಹೋಯಿತಂತೆ. ಕೈಯೂ ಮೇಲೇಳಲಿಲ್ಲವಂತೆ. ಮನೆಗೆ ಬಂದವಳು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ‘ಇದು ನನ್ ಕೈಲಾಗಲ್ಲ, ಕಾಲೇಜು ಬಿಟ್ಬುಡ್ತೀನಿ’ ಅಂದಳು.

ಸಪ್ಲಿಮೆಂಟರಿ ಪರೀಕ್ಷೆ ಬುಧವಾರ ಇತ್ತು. ಅದಕ್ಕೆ ಮುಂಚಿನ ಶನಿವಾರ ಮಧ್ಯಾಹ್ನ ನಾನು ಊಟ ಮುಗಿಸಿ ದಿವಾನದ ಮೇಲೆ ಒರಗಿದ್ದೆ. ಮಗಳು ಬಂದು ನಿಂತಳು.

‘ಅಪ್ಪಾಜಿ, ಶರ್ಟು ಬಿಚ್ಚಿ. ನಿಮ್ಮ ಮೇಲೆ ಮಸಲ್ಸ್ ಬರ್ಕೊಂಡು ಪ್ರಾಕ್ಟೀಸ್ ಮಾಡ್ಬೇಕು.’

ಐವತ್ತಮೂರು ವರ್ಷದಲ್ಲಿ ನನ್ನ ದೇಹಕ್ಕೆ ಇಂಥ ಡಿಮ್ಯಾಂಡ್ ಬಂದದ್ದು ಅದೇ ಮೊದಲು. ಬಿಚ್ಚಿದೆ. ಆಕೆ ಮೇಲಿಂದ ಕೆಳಗೆ ನೋಡಿದಳು.

‘ಪುಸ್ತಕದಲ್ಲಿರೋ ಥರ ಏನೂ ಕಾಣ್ತಾನೇ ಇಲ್ವಲ್ಲ!’

‘ಇದೆ ಕಣೇ. ಒಳಗಿದೆ’ ಅಂದೆ. (ದಿನಾ ಬೆಳಿಗ್ಗೆ ಮಸಾಲೆದೋಸೆ ತಿನ್ನುವವನ ಸ್ನಾಯುಗಳನ್ನು ಪತ್ತೆ ಮಾಡಬೇಕಾದರೆ ಉತ್ಖನನವೇ ನಡೆಯಬೇಕು.)

ಗೆರೆ ಎಳೆದು, ಮೇಲೆ ಹೆಸರು ಬರೆಯಲು ಶುರುಮಾಡಿದಳು. ಎದೆಯ ಎರಡೂ ಕಡೆ ಬೀಸಣಿಗೆಯಂತೆ ಹರಡಿಕೊಂಡದ್ದು ಪೆಕ್ಟೋರಾಲಿಸ್ ಮೇಜರ್. ಯಾರನ್ನಾದರೂ ತಬ್ಬಿಕೊಳ್ಳಲು ಅದು ಬೇಕು. ಅದರ ಅಡಿಯಲ್ಲಿ ಮೈನರ್ ಅಂತ ಇನ್ನೊಂದು. ಭುಜದ ಮೇಲೆ ಟೋಪಿ ಹಾಕಿದಂತೆ ಕೂತದ್ದು ಡೆಲ್ಟಾಯ್ಡ್. ಬೆನ್ನಿನ ಕಡೆ, ಹೆಗಲ ಮೂಳೆಯ ಮೇಲೆ, ಸುಪ್ರಾಸ್ಪೈನೇಟಸ್ ಎಂಬ ಸಣ್ಣ ಆಸಾಮಿ. ಕೈಯನ್ನು ಪಕ್ಕಕ್ಕೆ ಎತ್ತುವ ಕೆಲಸ ಶುರುಮಾಡುವುದು ಈ ಸಣ್ಣವನಂತೆ. ಸ್ವಲ್ಪ ಎತ್ತಿ ಡೆಲ್ಟಾಯ್ಡ್‌ಗೆ ಒಪ್ಪಿಸುತ್ತಾನೆ. ಆಮೇಲೆ ಜಿಮ್ಮಿನಲ್ಲಿ ಫೋಟೋ ತೆಗೆಸಿಕೊಳ್ಳುವುದು ಮಾತ್ರ ಡೆಲ್ಟಾಯ್ಡು. (ನಿಮ್ಮ ಆಫೀಸಿನಲ್ಲೂ ಇಂಥವರು ಇದ್ದಾರಾ?)

ಒಂದು ಗಂಟೆಯಲ್ಲಿ ನಾನು ಶಾಲೆಯ ಗೋಡೆಗೆ ತೂಗುಹಾಕುವ ನಕಾಶೆಯಂತಾದೆ. ಆಗ ನನ್ನ ಹೆಂಡತಿ ಶೈಲಾ ಅಡುಗೆಮನೆಯಿಂದ ಬಂದು ಮಗಳ ಕೈಯಲ್ಲಿದ್ದ ಪೆನ್ನು ನೋಡಿದಳು.

‘ಅಯ್ಯೋ, ಅದು ನಾನು ಬೇಳೆ ಡಬ್ಬದ ಮೇಲೆ ಬರಿಯೋ ಮಾರ್ಕರ್ ಕಣೇ! ಪರ್ಮನೆಂಟು!’

ಕೊಬ್ಬರಿಎಣ್ಣೆ ಹಚ್ಚಿದೆವು. ಕಡಲೆಹಿಟ್ಟು ತಿಕ್ಕಿದೆವು. ಸ್ಯಾನಿಟೈಸರ್ ಸುರಿದೆವು. ಚರ್ಮ ಕೆಂಪಾಯಿತು, ಅಕ್ಷರಗಳು ಇನ್ನಷ್ಟು ಎದ್ದು ಕಂಡವು. ‘ಸ್ಟೀಲ್ ಡಬ್ಬದ ಮೇಲಿಂದಾನೇ ಎರಡು ವರ್ಷ ಆದ್ರೂ ಹೋಗಿಲ್ಲ’ ಅಂದಳು ಶೈಲಾ. ಇದು ಸಮಾಧಾನವೋ, ಎಚ್ಚರಿಕೆಯೋ?

ಸಮಸ್ಯೆ ಮಾರನೆಯ ದಿನದ್ದು. ಚಾಮರಾಜಪುರಂನಲ್ಲಿ ನನ್ನ ತಮ್ಮ ಶಿವು ಕೊಂಡ ಮನೆಯ ಗೃಹಪ್ರವೇಶ. ಅವನಿಗೆ ಮದುವೆಯಾಗಿಲ್ಲ. ಪೂಜೆಗೆ ದಂಪತಿಗಳೇ ಕೂರಬೇಕೆಂದು ಅಯ್ಯನವರ ಕಟ್ಟಪ್ಪಣೆ. ಹಾಗಾಗಿ ನಾನು, ಶೈಲಾ. ಬನಿಯನ್ನೂ ಇಲ್ಲ, ಬರೀ ಶಲ್ಯ.

ಶಲ್ಯವನ್ನು ಸ್ವೆಟರಿನಂತೆ ಸುತ್ತಿಕೊಂಡು ಕೂತೆ. ಅರ್ಧ ಗಂಟೆ ಮರ್ಯಾದೆ ಉಳಿಯಿತು. ಕಾಯಿ ಒಡೆಯಲು ಕೈ ಎತ್ತಿದೆ ನೋಡಿ, ಶಲ್ಯ ಸೊಂಟಕ್ಕೆ ಬಂತು.

ಮಂತ್ರ ನಿಂತಿತು. ಅಯ್ಯನವರು ಕನ್ನಡಕ ಸರಿಮಾಡಿಕೊಂಡು ನನ್ನ ಎದೆಯತ್ತ ಬಾಗಿ, ಒಂದೊಂದೇ ಅಕ್ಷರ ಕೂಡಿಸಿ ಓದಿದರು. ‘ಪೆಕ್ಟೋರಾಲಿಸ್... ಮೇಜರ್. ತಾವು ಮಿಲ್ಟ್ರೀಲಿದ್ರಾ ಸ್ವಾಮಿ? ನಂಗೆ ಗೊತ್ತೇ ಇರ್ಲಿಲ್ಲ!’

‘ಇಲ್ಲ ಅಯ್ನೋರೇ, ಕಾಲೇಜು ಲೈಬ್ರರೀಲಿ’ ಅಂದೆ.

ಮನೆಯೆಲ್ಲ ನಗು. ವಿಡಿಯೋಗ್ರಾಫರ್ ಹತ್ತಿರ ಬಂದು ‘ಸಾರ್, ಸ್ವಲ್ಪ ಲೈಟ್ ಕಡೆ ತಿರುಗಿ’ ಅಂದ. ಶೈಲಾ ತಟ್ಟೆಯಲ್ಲಿದ್ದ ವಿಭೂತಿಯನ್ನೆಲ್ಲ ನನ್ನ ಎದೆಗೆ ಬಳಿದಳು. ಮೂರು ಬೆರಳಿನ ಪಟ್ಟೆಗಳ ನಡುವಿನಿಂದಲೇ ಮೇಜರ್ ಇಣುಕುತ್ತಿದ್ದ. ಸಹನಾ ಮುಖ ಮುಚ್ಚಿಕೊಂಡು ಅಡುಗೆಮನೆಗೆ ಓಡಿಹೋದಳು.

ಪೂಜೆ ಹೇಗೋ ಮುಗಿಯಿತು. ಶರ್ಟಿನ ಕಡೆ ಕೈ ಚಾಚಿದೆ. ‘ತಡಿಯಪ್ಪ’ ಅನ್ನುವ ಧ್ವನಿ ಕೇಳಿಸಿತು. ಪುಟ್ಟತಾಯಮ್ಮ ದೊಡ್ಡಮ್ಮ. ನಮ್ಮಮ್ಮನ ಅಕ್ಕ, ಎಪ್ಪತ್ತಾರು ದಾಟಿದವರು, ಜಯಲಕ್ಷ್ಮಿಪುರಂನಲ್ಲಿ ಮಗ ಸೊಸೆಯ ಜೊತೆ ಇದ್ದಾರೆ. ಅಂಗೈ ತುಂಬುವ ತುರುಬು ಕಟ್ಟಿ ಅದಕ್ಕೊಂದು ಮೊಳ ಮಲ್ಲಿಗೆ ಮುಡಿಯುತ್ತಿದ್ದ ಹೆಂಗಸು ಈಚೆಗೆ ಬಾಬ್‌ಕಟ್ ಮಾಡಿಸಿಕೊಂಡಿದ್ದರು. ‘ದೊಡ್ಡಮ್ಮ ಮಾಡರ್ನ್ ಆಗ್ಬುಟ್ರು’ ಅಂತ ಬೆಳಿಗ್ಗೆಯಿಂದ ಎಲ್ಲರೂ ರೇಗಿಸಿದ್ದೇ ರೇಗಿಸಿದ್ದು. ಅದರಲ್ಲಿ ನಾನೂ ಒಬ್ಬ.

ಅವರು ಬಂದು ನನ್ನ ಭುಜದ ಮೇಲೆ ಬೆರಳಿಟ್ಟು ಒತ್ತಿದರು. ‘ಸಾನಾ, ಬಾಮ್ಮ ಇಲ್ಲಿ. ನಂಗೆ ಇಲ್ಲೇ ನೋಯೋದು. ಇಲ್ಲೇನು ಬರ್ದಿದೀಯ?’

ಸಹನಾ ಬಂದಳು. ನಲವತ್ತು ಜನ ನೋಡುತ್ತಿದ್ದಾರೆ. ಪರೀಕ್ಷೆಯ ದಿನದ್ದೇ ಮುಖ.

‘ಕೈ ಪಕ್ಕಕ್ಕೆ ಎತ್ತಿ ದೊಡ್ಡಜ್ಜಿ’ ಅಂದಳು, ಕೇಳಿಸದಷ್ಟು ಮೆಲ್ಲಗೆ.

ದೊಡ್ಡಮ್ಮ ಎತ್ತಿದರು. ಬಲಗೈ ಎದೆಯ ಮಟ್ಟಕ್ಕೂ ಬರಲಿಲ್ಲ. ಹಲ್ಲು ಕಚ್ಚಿಕೊಂಡರು. ನಗು ನಿಂತಿತು.

ಸಹನಾ ಒಂದು ಕೈಯಿಂದ ಅವರ ಹೆಗಲ ಮೂಳೆ ಹಿಡಿದಳು, ಇನ್ನೊಂದರಿಂದ ಮೊಣಕೈಯನ್ನು ಆನಿಸಿಕೊಂಡಳು. ಆಮೇಲೆ ನನ್ನತ್ತ ತಿರುಗಿ, ‘ಅಪ್ಪಾಜಿ, ಬೆನ್ನು ತೋರ್ಸಿ’ ಅಂದಳು. ನನ್ನನ್ನೇ ಕರಿಹಲಗೆ ಮಾಡಿಕೊಂಡು ಯಾವುದು ಶುರುಮಾಡುತ್ತೆ, ಯಾವುದು ಎತ್ತುತ್ತೆ, ಯಾವುದು ಎಲ್ಲಿ ಸಿಕ್ಕಿಕೊಳ್ಳುತ್ತೆ ಅಂತ ಕನ್ನಡದಲ್ಲಿ ಹೇಳುತ್ತಾ ಹೋದಳು. ಒಂದು ಕಡೆಯೂ ತಡವರಿಸಲಿಲ್ಲ. ‘ಆ ಸಣ್ಣ ಮಸಲ್ಲೇ ಇರ್ಬೋದು. ನಾನಿನ್ನೂ ಸ್ಟೂಡೆಂಟು, ನೀವು ಡಾಕ್ಟರಿಗೆ ತೋರಿಸ್ಲೇಬೇಕು. ಎಷ್ಟು ದಿನದಿಂದ ಹಿಂಗಿದೆ?’

‘ಎಂಟು ತಿಂಗಳಾಯ್ತು ಕಣಮ್ಮ.’

‘ತಲೆ ಬಾಚ್ಕೊಳಕ್ಕೆ?’

‘ತುರುಬಿಗೆ ಕೈಯೇ ಓಯ್ತಿರ್ಲಿಲ್ಲ. ದಿನಾ ಬೆಳಿಗ್ಗೆ ಸೊಸೇನ ಎಂಗೆ ಕೇಳೋದು? ಅವ್ಳು ಏಳೂವರೆಗೆ ಎಬ್ಬಾಳದ ಬಸ್ಸು ಇಡೀಬೇಕು. ಅದ್ಕೇ ಕತ್ತರಿಸ್ಬುಟ್ಟೆ.’

ಸೊಸೆ ಗಿರಿಜಾ ಅಲ್ಲೇ ಕುಂಕುಮದ ಬಟ್ಟಲು ಹಿಡಿದು ನಿಂತಿದ್ದರು. ‘ಅತ್ತೆ, ಫ್ಯಾಷನ್ನು ಅಂದ್ರಲ್ಲ ನೀವು...’

‘ಅಂಗಂದ್ರೆ ಎಲ್ರೂ ನಕ್ಬುಟ್ಟು ಸುಮ್ನಾಗ್ತೀರಲ್ಲ’ ಅಂದರು ದೊಡ್ಡಮ್ಮ.

ಗಿರಿಜಾ ಬಟ್ಟಲು ಕೆಳಗಿಟ್ಟು ಅವರ ಪಕ್ಕ ಕೂತರು. ಮಾರನೆಯ ದಿನ ರಜೆ ಹಾಕಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದದ್ದೂ ಅವರೇ.

ಮಗಳ ಊಹೆ ತಪ್ಪಾಗಿತ್ತು. ಸ್ನಾಯುವಲ್ಲ, ಕೀಲೇ ಬಿಗಿದುಕೊಂಡಿದೆ, ಫ್ರೋಜನ್ ಶೋಲ್ಡರ್ ಅಂದರಂತೆ ಡಾಕ್ಟರು. (ಪರೀಕ್ಷೆಯಲ್ಲಿ ಅದನ್ನು ಕೇಳಲಿಲ್ಲ, ಪುಣ್ಯ.) ಬುಧವಾರ ಸಹನಾ ಪರೀಕ್ಷಕರ ಮುಂದೆ ಕೂತವರ ಭುಜವನ್ನು ಹಿಡಿದ ರೀತಿಗೆ, ‘ಮೊದಲೇ ಪೇಷೆಂಟ್ ನೋಡಿದೀಯೇನಮ್ಮ?’ ಅಂತ ಪರೀಕ್ಷಕರೇ ಕೇಳಿದರಂತೆ. ಪಾಸಾದಳು. ಈಗ ವಾರಕ್ಕೆರಡು ಸಲ ಜಯಲಕ್ಷ್ಮಿಪುರಂಗೆ ಹೋಗಿ, ಡಾಕ್ಟರು ಹೇಳಿಕೊಟ್ಟ ವ್ಯಾಯಾಮವನ್ನು ದೊಡ್ಡಮ್ಮನಿಂದ ಮಾಡಿಸುತ್ತಾಳೆ. ನಡುಮನೆಯ ಗೋಡೆಯ ಮೇಲೆ ಬೆರಳುಗಳನ್ನು ಇರುವೆಯಂತೆ ಹತ್ತಿಸುವುದು. ತಲುಪಿದಲ್ಲಿಗೆ ಪೆನ್ಸಿಲ್ಲಿನಲ್ಲಿ ಒಂದು ಗೆರೆ. ಈ ಭಾನುವಾರದ ಗೆರೆ ಕಿವಿಯ ಮಟ್ಟಕ್ಕಿದೆ.

ಆ ಎಂಟು ತಿಂಗಳಲ್ಲಿ ನಾನು ದೊಡ್ಡಮ್ಮನನ್ನು ಆರೇಳು ಸಲವಾದರೂ ನೋಡಿದ್ದೇನೆ. ಪ್ರತಿಸಲವೂ ಕಾಲಿಗೆ ನಮಸ್ಕಾರ ಮಾಡಿದ್ದೇನೆ. ತಲೆ ಮುಟ್ಟಿ ಆಶೀರ್ವಾದ ಮಾಡಿದ್ದು ಎಡಗೈ ಅನ್ನುವುದನ್ನು ಒಂದು ಸಲವೂ ಗಮನಿಸಲಿಲ್ಲ.

ನಿಮ್ಮ ಮನೆಯಲ್ಲಿ ಯಾರ ಕೈ ಎಲ್ಲಿಯವರೆಗೆ ಏಳುತ್ತದೆ, ಗೊತ್ತಾ?