ರಮಣಮ್ಮನ ತಟ್ಟೆ

ಆ ತಟ್ಟೆ ನಿನ್ನದಲ್ಲ, ರಮಣಮ್ಮ — ನನ್ನದು. ಹೆಸರಿನ ಚೀಟಿ ಬದಲಿಸಿದವಳು ನಾನು.

ವಿಶಾಖಪಟ್ಟಣದ ಆ ಐಸಿಯು ನಿನಗೆ ನೆನಪಿರಬೇಕು. ಕುತ್ತಿಗೆಯ ರಕ್ತನಾಳಕ್ಕೆ ಕೊಳವೆ ಹಾಕಿದವರಿಗೆ ಮೂರನೇ ದಿನಕ್ಕೆಲ್ಲ ಚಳಿಜ್ವರ — ಸೋಂಕು ಕೊಳವೆಯಿಂದಲೇ ರಕ್ತಕ್ಕಿಳಿಯುತ್ತಿತ್ತು. ಈ ಹಾಳು ಕ್ರಿಮಿ ಎಲ್ಲಿಂದ ಬರುತ್ತದೆ ಎಂದು ತಿಳಿಯದೆ ನನಗೆ ಅನ್ನ ಸೇರುತ್ತಿರಲಿಲ್ಲ. ನಾನು ಬ್ಯಾಂಕಿನಲ್ಲಿದ್ದ ಗಂಡನ ಹಿಂದೆ ಧಾರವಾಡದಿಂದ ಬಂದವಳು, ಅರೆಬರೆ ತೆಲುಗಿನವಳು. ಆದರೂ ನಿಮಗೆಲ್ಲ ತರಬೇತಿ ಕೊಡುವ ಮೇಡಂ ನಾನೇ. ಕೈ ತೊಳೆದ ಮೇಲೂ ಏನು ಉಳಿಯುತ್ತದೆ ನೋಡೋಣವೆಂದು ಒಬ್ಬೊಬ್ಬರಿಂದಲೂ ಲ್ಯಾಬಿನ ತಟ್ಟೆಗೆ ಬೆರಳು ಒತ್ತಿಸಿದೆ. ಕ್ರಿಮಿ ಇದ್ದರೆ ಎರಡು ದಿನಕ್ಕೆ ಚುಕ್ಕೆಚುಕ್ಕೆಯಾಗಿ ಬೆಳೆಯುತ್ತದೆ. ನಾನೂ ಒತ್ತಿದೆ, ಜಂಬದಿಂದಲೇ.

ಒತ್ತುವ ಮೊದಲು ಸಿಂಕಿನ ಪಕ್ಕದ ಟವೆಲ್ಲಿಗೆ ಎಲ್ಲರೂ ಕೈ ಒರೆಸಿದ್ದೆವು — ಮೊದಲು ನರ್ಸುಗಳು, ಕೊನೆಗೆ ನಾನು. ನೀನೊಬ್ಬಳೇ "ವದ್ದು ಮೇಡಂ", ಬೇಡ ಎಂದು, ಕೈ ಮೇಲೆತ್ತಿ ಗಾಳಿಗೆ ಆರಿಸುತ್ತ ನಿಂತಿದ್ದೆ. ಅನಕಾಪಲ್ಲಿಯ ಹುಡುಗಿಗೆ ಟವೆಲ್ ಕಂಡರೆ ಭಯ ಎಂದು ನಕ್ಕೆವು. ಎಲ್ಲವನ್ನೂ ಕೆದಕಿ ಕೇಳುವ ನಾನು, ಯಾಕೆ ಹಾಗೆ ಮಾಡುತ್ತೀ ಎಂದು ನಿನ್ನನ್ನು ಕೇಳಲಿಲ್ಲ.

ಮೂರನೆಯ ದಿನ ಬೆಳಿಗ್ಗೆ, ತಡೆಯಲಾರದೆ ಎಲ್ಲರಿಗಿಂತ ಮೊದಲೇ ಲ್ಯಾಬಿಗೆ ಹೋದೆ. ನಿನ್ನ ತಟ್ಟೆ ಹೆಚ್ಚುಕಡಿಮೆ ಸ್ವಚ್ಛ. ನನ್ನದರಲ್ಲಿ — ರವೆ ಚೆಲ್ಲಿದಂತೆ. ಕಲಿಸುವವಳ ಕೈಯೇ ಎಲ್ಲಕ್ಕಿಂತ ಕೊಳಕು ಎಂದಾದರೆ... ಯೋಚನೆ ಮುಗಿಯುವ ಮೊದಲೇ ಬೆರಳು ಚೀಟಿ ಕೀಳುತ್ತಿತ್ತು.

ಎಲ್ಲರೆದುರು ನಿನ್ನ ಹೆಸರಿನ ತಟ್ಟೆ ಎತ್ತಿ ಹಿಡಿದೆ. ನೀನು ಅಳಲಿಲ್ಲ. "ಇಷ್ಟೊಂದು ಹೇಗೆ ಬಂತು ಮೇಡಂ? ಇನ್ನೊಂದು ಸಲ ಒತ್ತಿ ನೋಡೋಣವಾ?" — ಇಷ್ಟೇ ನೀನು ಕೇಳಿದ್ದು. ನಾನು ಕೇಳಬೇಕಾಗಿದ್ದ ಪ್ರಶ್ನೆ ಅದು. "ಅಗತ್ಯವಿಲ್ಲ" ಎಂದುಬಿಟ್ಟೆ. ಮರುದಿನ ನಿನ್ನನ್ನು ಐಸಿಯುನಿಂದ ತೆಗೆದು ಹೊರರೋಗಿ ವಿಭಾಗಕ್ಕೆ ಹಾಕಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಆ ಬರೆ ಎಳೆದವಳು ನಾನು.

ಕುತೂಹಲ ಮಾತ್ರ ಬಿಡಲಿಲ್ಲ. ಗುಟ್ಟಾಗಿ ಟವೆಲ್ಲನ್ನೇ ಒಂದು ತಟ್ಟೆಗೆ ಒತ್ತಿ ನೋಡಿದೆ — ಅದೇ ಚುಕ್ಕೆಗಳು. ಗೊತ್ತಾಯಿತು. ಹೇಳಲಿಲ್ಲ; ಹೇಳಿದರೆ ಚೀಟಿಯ ವಿಷಯವೂ ಬಯಲಾಗುತ್ತಿತ್ತು. ಟವೆಲ್ ಇನ್ನೂ ಒಂದು ತಿಂಗಳು ಅಲ್ಲೇ ನೇತಾಡುತ್ತಿತ್ತು. ಆ ತಿಂಗಳು ಇಬ್ಬರು ರೋಗಿಗಳಿಗೆ ಜ್ವರ ಬಂತು, ಅವರಲ್ಲಿ ಒಬ್ಬಾಕೆ ಮನೆಗೆ ಮರಳಲಿಲ್ಲ. ಟವೆಲ್ಲಿನಿಂದಲೇ ಎನ್ನಲಾರೆ — ಅಲ್ಲವೆಂದೂ ಎನ್ನಲಾರೆ. ಈ ಅನುಮಾನ ಇಂದಿಗೂ ನನ್ನನ್ನು ತಿನ್ನುತ್ತದೆ.

ಆಮೇಲೆ ಗಂಡನಿಗೆ ವಿಜಯವಾಡಕ್ಕೆ ವರ್ಗವಾಯಿತು. ಪಟಮಟದಲ್ಲಿ ಮನೆ, ಹೊಸ ಆಸ್ಪತ್ರೆ, ಹೊಸ ನರ್ಸುಗಳು. ಮೊದಲ ದಿನವೇ ಟವೆಲ್ ತೆಗೆಸಿದೆ. ಕೈಯನ್ನು ಗಾಳಿಗೆ ಆರಿಸುವುದನ್ನು ಕಲಿಸಿದೆ. ಜ್ವರ ಕಡಿಮೆಯಾಯಿತು. "ಇದನ್ನು ಕಂಡುಹಿಡಿದವರು ಯಾರು ಮೇಡಂ?" ಎಂದು ಒಬ್ಬಳು ಕೇಳಿದಳು.

"ನಾನೇ" ಎಂದೆ. ಅವರೆಲ್ಲ ಚಪ್ಪಾಳೆ ತಟ್ಟಿದರು, ನಾನು ನಗುತ್ತ ನಿಂತಿದ್ದೆ — ನಾಚಿಕೆಯಾಗುತ್ತದೆ, ರಮಣಮ್ಮ.

ಇಷ್ಟು ವರ್ಷಗಳ ಮೇಲೆ ಈ ಕಾಗದ. ಇದರ ಪ್ರತಿಯನ್ನು ಎರಡೂ ಆಸ್ಪತ್ರೆಗಳಿಗೆ ಕಳಿಸಿದ್ದೇನೆ, ನಿನ್ನ ಹೆಸರನ್ನೂ ನನ್ನ ಹೆಸರನ್ನೂ ಪೂರ್ತಿ ಬರೆದು. ಕ್ಷಮಿಸು ಎಂದು ಕೇಳುವುದಿಲ್ಲ. ಆ ತಿಂಗಳು ತೀರಿಕೊಂಡಾಕೆಯ ಮನೆಯವರು ಬಂದು ಕೇಳಿದರೆ, ಅವರಿಗೂ ಇದನ್ನೇ ಹೇಳುತ್ತೇನೆ.