ಮಗಳ ಹಲ್ಲಿಗೆ ನಾನು ಸುತ್ತಿದ ಸ್ಪ್ರಿಂಗ್

ಇದನ್ನು ಬರೆಯಬೇಕೆಂದು ಹಿಂದೆ ಎರಡು ಸಲ ನೋಟ್ ಪುಸ್ತಕ ತೆಗೆದಿದ್ದೆ. ಮೊದಲ ಸಲ ಪೀಣ್ಯದ ಕಾರ್ಖಾನೆಗಳ ವಿಚಾರ ನಾಲ್ಕು ಪುಟ ಬರೆದು ನಿಲ್ಲಿಸಿದೆ. ಎರಡನೆಯ ಸಲ ತೀರಿಕೊಂಡ ಹೆಂಡತಿಯ ಕಾಯಿಲೆಯ ಬಗ್ಗೆ ಬರೆದೆ. ಬರೆದದ್ದು ಸುಳ್ಳಲ್ಲ, ಆದರೆ ಹೇಳಬೇಕಾದದ್ದು ಅದಲ್ಲವೆಂದು ಬರೆಯುವಾಗಲೇ ಗೊತ್ತಿತ್ತು. ಹೇಳಬೇಕಾದದ್ದು ಒಂದು ಹಲ್ಲಿನ ಸಂಗತಿ. ಅಷ್ಟನ್ನು ಹೇಳಲು ಹದಿನಾರು ವರ್ಷ ಮುಂದೂಡಿದ್ದೇನೆ.

ನಾನು ಪೀಣ್ಯದ ಒಂದು ಸ್ಪ್ರಿಂಗ್ ಕಾರ್ಖಾನೆಯಲ್ಲಿ ದುಡಿದವನು. ಎಸ್ಸೆಸ್ಸೆಲ್ಸಿ ಮುಗಿಸಿ ಹೆಲ್ಪರ್ ಆಗಿ ಸೇರಿದೆ, ಸೆಟ್ಟರ್ ಆಗಿ ನಿವೃತ್ತನಾದೆ. ಯಂತ್ರಕ್ಕೆ ತಂತಿ ಕೊಟ್ಟು, ಎಷ್ಟು ಸುತ್ತು ಬರಬೇಕು, ಎಷ್ಟು ಬಿಗಿ ಇರಬೇಕು ಎಂದು ಕೂರಿಸುವುದು ಸೆಟ್ಟರ್ ಕೆಲಸ. ಸ್ಪ್ರಿಂಗನ್ನು ಎರಡು ಕೈಯ ಬೆರಳಲ್ಲಿ ಹಿಡಿದು ಎಳೆದು ನೋಡಿ ಅದರ ಬಿಗಿ ಇಷ್ಟು ಎನ್ನುತ್ತಿದ್ದೆ. ಆಮೇಲೆ ಅಳೆದರೆ ಹೆಚ್ಚುಕಡಿಮೆ ಅಷ್ಟೇ ಬರುತ್ತಿತ್ತು. "ಗುರುಗಳ ಬೆರಳಿದ್ರೆ ಮೀಟರ್ ಯಾಕ್ರೋ?" ಎಂದು ಹುಡುಗರು ಹೇಳುವರು. ಆ ಮಾತು ನನ್ನ ತಲೆಗೇರಿತ್ತು.

ನನಗಿರುವುದು ಒಬ್ಬಳೇ ಮಗಳು. ಅವಳ ಮೇಲಿನ ಸಾಲಿನ ಎದುರು ಹಲ್ಲೊಂದು ಮುಂದಕ್ಕೆ ಬಂದು ತುಟಿಯನ್ನು ತಳ್ಳಿಕೊಂಡಿತ್ತು. ಎಂಟನೆಯ ತರಗತಿಯಲ್ಲಿದ್ದಾಗ ನಾಗಸಂದ್ರದ ದಂತವೈದ್ಯೆಯೊಬ್ಬರ ಹತ್ತಿರ ಕ್ಲಿಪ್ ಹಾಕಿಸಿದೆವು. ಅವರು ಪಕ್ಕದ ಒಂದು ಹಲ್ಲು ಕಿತ್ತು ಜಾಗ ಮಾಡಿದರು. ಉಳಿದ ಹಲ್ಲುಗಳ ಮೇಲೆ ಲೋಹದ ಚಿಕ್ಕ ಚೂರುಗಳನ್ನು ಅಂಟಿಸಿ ತಂತಿ ಹಾಯಿಸಿದರು. ಮುಂದೆ ಬಂದ ಹಲ್ಲನ್ನು ಹಿಂದಕ್ಕೆಳೆಯಲು ಒಂದು ಪುಟ್ಟ ರಬ್ಬರ್ ಉಂಗುರ ಸಿಕ್ಕಿಸಿದರು. ಎರಡು ವರ್ಷ ತಿಂಗಳಿಗೊಮ್ಮೆ ಬರಬೇಕು ಎಂದರು.

"ಎರಡು ವರ್ಷನಾ ಮೇಡಂ? ಇನ್ನೊಂಚೂರು ಬಿಗಿ ಮಾಡಿದ್ರೆ ಬೇಗ ಬರಲ್ವಾ?" ಎಂದು ಕೇಳಿದೆ.

"ಹಲ್ಲು ಗೋಡೆಗೆ ಹೊಡೆದ ಮೊಳೆ ಅಲ್ಲ ಸಾರ್. ಮೆಲ್ಲಗೆ ಎಳೆದ್ರೆ ಮೂಳೆ ದಾರಿ ಬಿಡುತ್ತೆ. ಜೋರಾಗಿ ಎಳೆದ್ರೆ ಬೇರು ಹಾಳಾಗುತ್ತೆ. ಅವಸರ ಬೇಡ."

ಇಷ್ಟು ಸ್ಪಷ್ಟವಾಗಿ ಹೇಳಿದ್ದರು. ನನಗೆ ತಿಳಿದಿರಲಿಲ್ಲ ಎನ್ನುವ ಹಾಗಿಲ್ಲ. ಆದರೆ ಹೊರಡುವಾಗ ಅವರು ಕೊಟ್ಟ ಬಿಡಿ ಉಂಗುರಗಳಲ್ಲಿ ಒಂದನ್ನು ಬೆರಳಲ್ಲಿ ಎಳೆದು ನೋಡಿದೆ. ಹೂವಿನ ದಾರದಷ್ಟೂ ಗಟ್ಟಿಯಿಲ್ಲ. ಇದೇನು ಎಳೆದೀತು ಎಂದು ಮನಸ್ಸಿನಲ್ಲೇ ನಕ್ಕೆ.

ಶಾಲೆಯಲ್ಲಿ ಮಗಳಿಗೆ 'ಶಟರ್' ಎಂದು ಹೆಸರು ಬಿತ್ತು. "ಏ ಶಟರ್, ಅಂಗಡಿ ಬಾಗಿಲು ತೆಗಿಯೇ, ಗಿರಾಕಿ ಬಂದವ್ರೆ" ಎಂದು ಹುಡುಗಿಯರು ರೇಗಿಸುತ್ತಿದ್ದರಂತೆ. ಒಂದು ದಿನ ಬ್ಯಾಗು ಎಸೆದು ಅತ್ತಳು. ವರ್ಷದ ಕೊನೆಗೆ ತರಗತಿಯ ಗ್ರೂಪ್ ಫೋಟೋ ತೆಗೆಯುತ್ತಾರೆ, ಅಷ್ಟರಲ್ಲಿ ಕ್ಲಿಪ್ ಬಿಚ್ಚಿಸಬೇಕು ಎಂದು ಹಟ ಹಿಡಿದಳು.

"ಆಗಲ್ಲ ಕಣೇ, ಡಾಕ್ಟ್ರು ಹೇಳಿಲ್ವಾ?" ಎಂದಳು ಅವಳ ಅಮ್ಮ.

ನಾನು ಮರುದಿನ ಊಟದ ಬಿಡುವಿನಲ್ಲಿ ಸ್ಟೋರಿನ ತೀರಾ ತೆಳು ಸ್ಟೀಲ್ ತಂತಿಯಿಂದ ಅಕ್ಕಿಕಾಳಿನಷ್ಟುದ್ದದ ಒಂದು ಸ್ಪ್ರಿಂಗ್ ಸುತ್ತಿದೆ. ಎರಡು ತುದಿಗೂ ಕೊಕ್ಕೆ ಮಾಡಿದೆ. ಪಕ್ಕದ ಯಂತ್ರದವನು ಇಣುಕಿ, "ಏನ್ ಗುರು, ಸೊಳ್ಳೆ ಹಿಡಿಯೋ ಬೋನಿಗಾ?" ಎಂದ. ಪೆನ್ನಿಗೆ ಎಂದೆ.

ಭಾನುವಾರ ಬೆಳಿಗ್ಗೆ ಮಗಳನ್ನು ಮಹಡಿಗೆ ಕರೆದುಕೊಂಡು ಹೋದೆ. ಬಾಯೊಳಗೆ ಬೆಳಕು ಬೀಳಬೇಕಲ್ಲ. ನೀರಿನ ಟ್ಯಾಂಕಿನ ಪಕ್ಕ ಚಾಪೆ ಹಾಸಿ, ಅವಳ ತಲೆ ನನ್ನ ತೊಡೆಯ ಮೇಲಿಟ್ಟುಕೊಂಡು, ರಬ್ಬರ್ ತೆಗೆದು ನನ್ನ ಸ್ಪ್ರಿಂಗ್ ಸಿಕ್ಕಿಸಿದೆ. ಪ್ಲೈಯರನ್ನು ಬಿಸಿನೀರಲ್ಲಿ ಅದ್ದಿ ತಂದಿದ್ದೆ, ಅಷ್ಟು ಜಾಗ್ರತೆ.

"ಅಮ್ಮಂಗೆ ಹೇಳ್ಬೇಡ. ಹೇಳಿದ್ರೆ ಇಬ್ರಿಗೂ ಬೀಳುತ್ತೆ."

"ನೋವಾಗುತ್ತಾ ಅಪ್ಪ?"

"ಒಂದೆರಡು ದಿನ. ಫೋಟೋದಲ್ಲಿ ನೋಡು ಆಮೇಲೆ, ಹೆಂಗಿರ್ತೀಯ ಅಂತ."

ಬಾಯಿ ತೆರೆದುಕೊಂಡೇ ಅವಳು ನಕ್ಕಳು.

ಹಲ್ಲು ನಿಜವಾಗಿಯೂ ಸರಿಯಿತು. ತಿಂಗಳ ಭೇಟಿಯ ಹಿಂದಿನ ದಿನ ಸ್ಪ್ರಿಂಗ್ ತೆಗೆದು ರಬ್ಬರ್ ಹಾಕಿ ಕಳಿಸಿದೆ. "ಪರವಾಗಿಲ್ವೇ, ಬೇಗಾನೇ ಬರ್ತಿದೆ" ಎಂದು ವೈದ್ಯೆ ಹೇಳಿದಾಗ, ಹೊರಗೆ ಬೆಂಚಿನ ಮೇಲೆ ಕೂತಿದ್ದ ನಾನು ಉಬ್ಬಿಹೋದೆ. ಮುಂದಿನ ಭಾನುವಾರ ಇನ್ನೂ ಬಿಗಿಯಾದದ್ದನ್ನು ಹಾಕಿದೆ. ಅಲ್ಲಿಗೇ ನಿಲ್ಲಿಸಿದ್ದರೆ ಎಂದು ಎಷ್ಟು ಸಲ ಅಂದುಕೊಂಡಿದ್ದೇನೋ.

ಎರಡು ವಾರ ಕಳೆಯಿತು. ಅವಳು ರೊಟ್ಟಿ ಬಿಟ್ಟಳು, ಚಪಾತಿ ಬಿಟ್ಟಳು, ಮಜ್ಜಿಗೆಯನ್ನಕ್ಕೆ ಬಂದಳು. ಅಮ್ಮ ಲವಂಗದ ಎಣ್ಣೆ ಹಚ್ಚಿದಳು, ಸ್ಪ್ರಿಂಗೂ ಕ್ಲಿಪ್ಪಿನ ಭಾಗವೆಂದೇ ತಿಳಿದಳು. "ಅಪ್ಪ, ಹಲ್ಲು ಅಲ್ಲಾಡ್ತಿದೆ" ಎಂದು ಮಗಳು ನನ್ನ ಕಿವಿಯಲ್ಲಿ ಹೇಳಿದಾಗ, "ಜಾಗ ಬಿಡ್ಬೇಕಾದ್ರೆ ಅಲ್ಲಾಡ್ಲೇಬೇಕಲ್ವಾ, ತಡ್ಕೋ" ಎಂದೆ. ಒಂದು ಬೆಳಿಗ್ಗೆ ಅವಳ ತುಟಿ ಊದಿ, ವಸಡಿನಿಂದ ಕೀವು ಬಂತು. ಅವಳ ಅಮ್ಮ ನನ್ನನ್ನು ಕೆಲಸಕ್ಕೆ ಹೋಗಗೊಡಲಿಲ್ಲ, ಮೂವರೂ ಕ್ಲಿನಿಕ್ಕಿಗೆ ಹೋದೆವು. ಹೊರಡುವ ಮೊದಲು ಸ್ಪ್ರಿಂಗ್ ತೆಗೆಯಲು ನೋಡಿದೆ. ಅದು ಊದಿದ ವಸಡಿನೊಳಗೆ ಹೂತುಹೋಗಿತ್ತು.

ವೈದ್ಯೆ ವಸಡಿಗೆ ಜೋಮಿನ ಇಂಜೆಕ್ಷನ್ ಕೊಟ್ಟು, ಅದನ್ನು ಚಿಮಟದಿಂದ ಬಿಡಿಸಿ ಸ್ಟೀಲಿನ ತಟ್ಟೆಯಲ್ಲಿಟ್ಟರು. ಅದರ ಕೊಕ್ಕೆಗಳನ್ನು ತಿರುಗಿಸಿ ನೋಡಿದರು.

"ಇದನ್ನ ಯಾರು ಹಾಕಿದ್ದು?"

ಮಗಳು ನನ್ನ ಮುಖ ನೋಡಿದಳು. ನಾನು ತಟ್ಟೆ ನೋಡಿದೆ.

"ನಾನೇ ಮೇಡಂ" ಎಂದಳು. ಜೋಮು ಹಿಡಿದ ತುಟಿಯಿಂದ ಮಾತು ಸರಿಯಾಗಿ ಹೊರಡುತ್ತಿರಲಿಲ್ಲ. "ಅಪ್ಪನ ಸಾಮಾನಿನ ಡಬ್ಬೀಲಿತ್ತು. ಬೇಗ ಆಗ್ಲಿ ಅಂತ ಹಾಕ್ಕೊಂಡೆ."

ಬಾಯಿ ತೆರೆಯಲು ಅದು ಸರಿಯಾದ ಗಳಿಗೆ. ತೆರೆದೆ ಕೂಡ.

"ನನ್ನ ಡಬ್ಬಿ ಮುಟ್ಬೇಡ ಅಂತ ಎಷ್ಟು ಸಲ ಬಡ್ಕೊಂಡಿದೀನಿ ನಿಂಗೆ? ಬುದ್ಧಿ ಬೇಡ್ವಾ?"

ಹೀಗೆ ಅಂದೆ. ವೈದ್ಯೆಯ ಮುಂದೆ, ಹೆಂಡತಿಯ ಮುಂದೆ, ದನಿ ಎತ್ತರಿಸಿ ಅಂದೆ. ಹೆಂಡತಿ ಅವಳ ತಲೆಗೊಂದು ಮೊಟಕಿದಳು. ಮಗಳು ಕಣ್ಣು ಮುಚ್ಚಿಕೊಂಡಳು. ಅವಳ ಹದಿಮೂರು ವರ್ಷದ ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಹಲ್ಲು ಬೀಳಲಿಲ್ಲ, ಆದರೆ ಒಳಗೆ ಸತ್ತುಹೋಗಿ ವರ್ಷದೊಳಗೆ ಬೂದಿ ಬಣ್ಣಕ್ಕೆ ತಿರುಗಿತು. ಇನ್ನು ಎಳೆಯುವುದು ಅಪಾಯವೆಂದು ವೈದ್ಯೆ ಆ ವಾರವೇ ಕ್ಲಿಪ್ ಬಿಚ್ಚಿದ್ದರು. ಅವಳು ಬೇಡಿದಂತೆ ಗ್ರೂಪ್ ಫೋಟೋದಲ್ಲಿ ಕ್ಲಿಪ್ ಇಲ್ಲ. ಎರಡನೆಯ ಸಾಲಿನಲ್ಲಿ ತುಟಿ ಬಿಗಿಹಿಡಿದು ನಿಂತಿದ್ದಾಳೆ. ಆಮೇಲೆ ನಗುವಾಗ ಅಂಗೈ ಅಡ್ಡ ಹಿಡಿಯುವುದು ಅಭ್ಯಾಸವಾಯಿತು. ನೆಂಟರು ಹಲ್ಲಿಗೇನಾಯಿತು ಎಂದು ಕೇಳಿದರೆ ಅವಳ ಅಮ್ಮ, "ಮಾಡ್ಕೊಂಡಿದ್ದು ಇವಳೇ, ಅಪ್ಪನ ಸಾಮಾನು ತಗೊಂಡು ಬಾಯಿಗೆ ಹಾಕ್ಕೊಂಡಳು ಮಹಾತಾಯಿ" ಎನ್ನುವಳು. ಮಗಳು ಅಲ್ಲಿಂದೆದ್ದು ಹೋಗಿ ಕಾಫಿ ಸೋಸುವಳು. ನಾನು ಪೇಪರ್ ತಿರುವುವೆ. ಅವಳ ಅಮ್ಮ ಅದನ್ನೇ ನಂಬಿಕೊಂಡು ಸತ್ತಳು.

ಮಗಳಿಗೆ ಹೆಬ್ಬಗೋಡಿಯಲ್ಲಿ ಮನೆ. ಅಲ್ಲಿನ ಒಂದು ನರ್ಸರಿ ಶಾಲೆಯಲ್ಲಿ ಟೀಚರ್. ಈ ವರ್ಷ ಆ ಹಲ್ಲು ಮತ್ತೆ ಅಲ್ಲಾಡತೊಡಗಿತು, ಅಕ್ಕಪಕ್ಕದವು ಓರೆಯಾದವು. "ಈಗ ದೊಡ್ಡೋರೂ ಕ್ಲಿಪ್ ಹಾಕಿಸ್ಕೊತಾರೆ ಅಪ್ಪ, ನನ್ನ ದುಡ್ಡಲ್ಲಿ ನಾನೇ ಹಾಕಿಸ್ಕೊತೀನಿ" ಎಂದಳು. ನಾನು ಜೊತೆಗೆ ಹೋದೆ.

ಅಲ್ಲಿನ ಡಾಕ್ಟರು ಅವಳದೇ ವಯಸ್ಸಿನವರು. ಎಕ್ಸ್‌ರೇ ನೋಡಿ ಹುಬ್ಬು ಗಂಟಿಕ್ಕಿದರು. "ಬೇರು ಅರ್ಧಕ್ಕರ್ಧ ಕರಗಿದೆ ಮೇಡಂ. ಹಿಂದೆ ಯಾರೋ ವಿಪರೀತ ಎಳೆದಿದಾರೆ. ಯಾವ ಡಾಕ್ಟ್ರು?"

"ಡಾಕ್ಟ್ರು ತಪ್ಪಲ್ಲ ಸಾರ್. ಚಿಕ್ಕೋಳಿದ್ದಾಗ ನಾನೇ ತಲೆಹರಟೆ ಮಾಡಿದ್ದೆ."

"ಹಂಗಾದ್ರೆ ಮೊದಲೇ ಹೇಳ್ತೀನಿ. ಈ ಹಲ್ಲು ಹೋಯ್ತು, ಇದನ್ನ ತೆಗೀಲೇಬೇಕು. ಮಿಕ್ಕಿದ್ದಕ್ಕೆ ಕ್ಲಿಪ್ ಹಾಕ್ತೀನಿ, ಆದ್ರೆ ಹೇಳಿದ ಮಾತು ಕೇಳದೇ ಇರೋ ಪೇಷೆಂಟ್ ನಂಗೆ ಬೇಡ."

ಮಕ್ಕಳಿಗೆ ಪಾಠ ಹೇಳುವ ಹೆಂಗಸು ತಪ್ಪು ಮಾಡಿದ ಹುಡುಗಿಯ ಹಾಗೆ "ಕೇಳ್ತೀನಿ ಸಾರ್" ಎಂದಳು. ಅವಳ ಕೈಚೀಲ ನನ್ನ ತೊಡೆಯ ಮೇಲಿತ್ತು. ಅದರ ಜಿಪ್ ಎಳೆಯುತ್ತ, ಮುಚ್ಚುತ್ತ ಕೂತಿದ್ದೆ. ಎರಡನೆಯ ಸಲವೂ ಬಾಯಿ ಬಿಡಲಿಲ್ಲ.

ಬಸ್ ಸ್ಟಾಪಿನವರೆಗೆ ಬಿಡಲು ಬಂದಳು. "ಮಗಳೇ, ಅವತ್ತು ನಾಗಸಂದ್ರದಲ್ಲಿ..." ಎಂದೆ.

"ಏನಪ್ಪ?"

"ಏನಿಲ್ಲ. ಬಸ್ ಬಂತು."

ಬಂದದ್ದು ನಾನು ಹತ್ತಬೇಕಾದ ಬಸ್ಸಲ್ಲ. ಆದರೂ ಹತ್ತಿದೆ.

ಆ ವಾರವೇ ನಾಗಸಂದ್ರಕ್ಕೆ ಹೋದೆ. ವೈದ್ಯೆಗೆ ಈಗ ತಲೆ ನೆರೆತಿದೆ. ಎದುರಿಗೆ ಕೂತು ಎಲ್ಲ ಹೇಳಿದೆ, ನಿಮ್ಮ ಮಾತು ಮೀರಿದೆ, ನಿಮ್ಮೆದುರು ಸುಳ್ಳಾಡಿದೆ, ಕ್ಷಮಿಸಿ ಎಂದೆ. ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ.

"ನಂಗೆ ಅವತ್ತೇ ಗೊತ್ತಾಗಿತ್ತು ಸಾರ್. ಆ ಕೊಕ್ಕೆ ಮಕ್ಕಳ ಕೈಯಿಂದಾಗೋ ಕೆಲಸ ಅಲ್ಲ. ತನ್ನ ಬಾಯಿಗೆ ತಾನೇ ಅದನ್ನ ಸಿಕ್ಕಿಸ್ಕೊಳ್ಳೋಕೂ ಆಗಲ್ಲ. ನೀವಾಗೇ ಹೇಳ್ತೀರ ಅಂತ ಕಾದೆ. ಆಮೇಲೆ ಆ ಮಗು ಅಷ್ಟು ಗಟ್ಟಿಯಾಗಿ ನಾನೇ ಅಂದ್ಮೇಲೆ, ನಾನೂ ಸುಮ್ಮನಾದೆ." ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅವಳಿಗೆ ಹೇಳಿದ್ರಾ?"

"ಹೇಳಿದೆ ಮೇಡಂ" ಎಂದುಬಿಟ್ಟೆ.

"ಒಳ್ಳೇದಾಯ್ತು ಬಿಡಿ" ಎಂದರು, ಬಾಗಿಲವರೆಗೆ ಬಂದು ಬೀಳ್ಕೊಟ್ಟರು.

ಬರುವ ಸೋಮವಾರ ಹಲ್ಲು ಕೀಳುತ್ತಾರೆ. ನಿನ್ನೆ ಮಗಳು ಫೋನ್ ಮಾಡಿದ್ದಳು. "ಭಯ ಆಗುತ್ತಪ್ಪ, ಜೊತೆಗೆ ಬರ್ತೀಯಾ?" ಎಂದಳು. ಬರುತ್ತೇನೆ ಎಂದಿದ್ದೇನೆ. ಹೋಗುತ್ತೇನೆ, ಪಕ್ಕದಲ್ಲಿ ಕೂರುತ್ತೇನೆ, ಕೇಳಿದರೆ ಕೈಯನ್ನೂ ಹಿಡಿದುಕೊಳ್ಳುತ್ತೇನೆ. ಅಷ್ಟು ನನ್ನಿಂದಾಗುತ್ತದೆಂದು ಗೊತ್ತು. ಅದಕ್ಕಿಂತ ಹೆಚ್ಚಿನದು ಆಗುತ್ತದೆಯೇ ಎನ್ನುವುದು ಇದನ್ನು ಬರೆಯುತ್ತಿರುವಾಗಲೂ ಗೊತ್ತಿಲ್ಲ. ಅವಳು ಇದನ್ನು ಎಂದಾದರೂ ಓದಬಹುದು. ಬರೆದಿಟ್ಟದ್ದು ಎದುರಿಗೆ ನಿಂತು ಕ್ಷಮೆ ಕೇಳಿದಂತೆ ಆಗುವುದಿಲ್ಲ ಎಂಬುದೂ ತಿಳಿದಿದೆ.

ವೈದ್ಯೆಯ ಹತ್ತಿರ ಕ್ಷಮೆ ಕೇಳಿದೆ. ಹೆಂಡತಿಯ ಫೋಟೋದ ಮುಂದೆ ನಿಂತು ಕೇಳಿದೆ. ನಾನು ಇಂದಿನವರೆಗೂ ಕ್ಷಮೆ ಕೇಳದೆ ಬಿಟ್ಟಿರುವುದು ನನ್ನ ಮಗಳ ಹತ್ತಿರ.